ಹೆಬ್ಬೆರಳಿಗೂ ಪಾಠ ಬೇಕು

ಮಕ್ಕಳೇ, ಹೊಲಕ್ಕೆ ಔಷಧಿ ಹೊಡೆಯುವ ಡ್ರೋನ್ ನೋಡಿದ್ದೀರಾ? ಅದರ ರಿಮೋಟಿನಲ್ಲಿ ಎರಡು ಪುಟ್ಟ ಸ್ಟಿಕ್‌ಗಳಿರುತ್ತವೆ. ಸಾಮಾನ್ಯವಾಗಿ ಎಡಗಡೆಯದು ಏರಲು, ಇಳಿಯಲು, ತಿರುಗಲು. ಬಲಗಡೆಯದು ಹಿಂದೆ ಮುಂದೆ, ಅಕ್ಕಪಕ್ಕ ಸಾಗಲು. ಹೆಬ್ಬೆರಳು ಗಕ್ಕನೆ ತಳ್ಳಿದರೆ ಡ್ರೋನ್ ಕೂಡ ಗಕ್ಕನೆ ನುಗ್ಗುತ್ತದೆ. ಅದರ ತಿರುಗುವ ರೆಕ್ಕೆ ಬೆರಳನ್ನೇ ಕೊಯ್ಯಬಲ್ಲದು!

ಆದ್ದರಿಂದ ವೇಗವಾಗಿ ಹಾರಿಸುವುದು ಜಾಣತನವಲ್ಲ. ಒಂದೇ ಜಾಗದಲ್ಲಿ ಅಲುಗದಂತೆ ನಿಲ್ಲಿಸುವುದೇ ಮೊದಲ ಪಾಠ. ಆಮೇಲೆ ನಿಧಾನವಾಗಿ ಚೌಕ, ನಂತರ 8ರ ಆಕಾರ.

2021ರ ಡ್ರೋನ್ ನಿಯಮಗಳಂತೆ ಪೈಲಟ್ ಪ್ರಮಾಣಪತ್ರ ಪಡೆಯಲು 18 ವರ್ಷ ತುಂಬಿರಬೇಕು. ಅಲ್ಲಿಯವರೆಗೆ ಕಂಪ್ಯೂಟರಿನ ಸಿಮ್ಯುಲೇಟರಿನಲ್ಲಿ ಬೆರಳು ಪಳಗಿಸಬಹುದು. ಅಲ್ಲಿ ಡ್ರೋನ್ ಎಷ್ಟು ಸಲ ಬಿದ್ದರೂ ಯಾರಿಗೂ ಗಾಯವಿಲ್ಲ, ಖರ್ಚೂ ಇಲ್ಲ. ನಮ್ಮ ಶಾಲೆಗಳಿಗೆ ಡ್ರೋನ್‌ಗಿಂತ ಮೊದಲು ಅದೇ ಬರಲಿ. ನೀವೇನೆನ್ನುತ್ತೀರಿ?