ವಾದ್ಯದ ಆಕಾರಕ್ಕೆ ಒಡೆಯನಾರು?

ಒಬ್ಬ ಕುಶಲಕರ್ಮಿಯು ಹಲವು ವರ್ಷ ದುಡಿದು ಹೆಸರು ಗಳಿಸುತ್ತಾನೆ. ಆ ಹೆಸರನ್ನೇ ಮತ್ತೊಬ್ಬನು ತನ್ನ ಸರಕಿನ ಮೇಲೆ ಬರೆದುಕೊಂಡರೆ ಅದು ವಂಚನೆಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಹೆಸರನ್ನು ಮುಟ್ಟದೆ, ವಸ್ತುವಿನ ಆಕಾರವನ್ನಷ್ಟೇ ಅನುಕರಿಸಿದರೆ ಅದು ಕಳವೋ, ಕಲಿಕೆಯೋ? ಅಮೆರಿಕದ ಗಿಟಾರ್ ತಯಾರಕರು ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಹಲವು ದಶಕಗಳ ಕಾಲ ನ್ಯಾಯಾಲಯಗಳ ಮೆಟ್ಟಿಲೇರಿದ್ದಾರೆ. ಆ ವ್ಯಾಜ್ಯಗಳಿಂದ ನಾವೂ ತಿಳಿಯತಕ್ಕ ಸಂಗತಿಗಳುಂಟು.

ವೀಣೆ, ತಂಬೂರಿಗಳಲ್ಲಿ ನಾದವನ್ನು ತುಂಬಿಕೊಡುವುದು ಟೊಳ್ಳಾದ ಬುರುಡೆ. ವಿದ್ಯುತ್ ಗಿಟಾರಿನಲ್ಲಿ ಹಾಗಲ್ಲ. ತಂತಿಯ ಕಂಪನವನ್ನು ಅಯಸ್ಕಾಂತ ಮತ್ತು ತಂತಿಸುರುಳಿಗಳು ಗ್ರಹಿಸಿ ಧ್ವನಿವರ್ಧಕಕ್ಕೆ ಮುಟ್ಟಿಸುತ್ತವೆ. ಆದುದರಿಂದ ಅದರ ಒಡಲನ್ನು ಗಟ್ಟಿಮರದಲ್ಲಿ ಬೇಕಾದ ಆಕಾರಕ್ಕೆ ಕೊರೆಯಬಹುದು. 1952ರಲ್ಲಿ ಗಿಬ್ಸನ್ ಸಂಸ್ಥೆಯ 'ಲೆಸ್ ಪಾಲ್', 1954ರಲ್ಲಿ ಫೆಂಡರ್ ಸಂಸ್ಥೆಯ 'ಸ್ಟ್ರಾಟೋಕಾಸ್ಟರ್' ಹೊರಬಂದವು. ಕ್ರಮೇಣ ಆಕಾರವೇ ಆಯಾ ತಯಾರಕರ ಮುಖಮುದ್ರೆಯೆನಿಸಿತು.

1970ರ ದಶಕದಲ್ಲಿ ಜಪಾನಿನ ಹೊಶಿನೊ ಸಂಸ್ಥೆಯು 'ಐಬನೆಜ್' ಎಂಬ ಹೆಸರಿನಲ್ಲಿ ಇಂಥ ಗಿಟಾರುಗಳನ್ನು ಅನುಕರಿಸಿ ಕಡಿಮೆ ಬೆಲೆಗೆ ಮಾರಿತು. ಗಿಬ್ಸನ್ ಅಂದು ನಾರ್ಲಿನ್ ಎಂಬ ಸಂಸ್ಥೆಯ ಒಡೆತನದಲ್ಲಿತ್ತು. ಹೊಶಿನೊದ ಅಮೆರಿಕದ ಶಾಖೆಯಾದ ಎಲ್ಗರ್ ಕಂಪನಿಯ ಮೇಲೆ ನಾರ್ಲಿನ್ 1977ರಲ್ಲಿ ಫಿಲಡೆಲ್ಫಿಯಾದ ನ್ಯಾಯಾಲಯದಲ್ಲಿ ದಾವೆ ಹೂಡಿತು. ವಿವಾದವೆದ್ದುದು ಇಡೀ ಗಿಟಾರಿನ ಬಗೆಗಲ್ಲ. ಬಿರಡೆಗಳಿರುವ ತಲೆಭಾಗದ, ತೆರೆದ ಪುಸ್ತಕದ ಅಂಚನ್ನು ಹೋಲುವ ಆಕಾರದ ಬಗೆಗೆ. 1978ರಲ್ಲಿ ಉಭಯ ಪಕ್ಷಗಳೂ ರಾಜಿಯಾದವು. ದಾವೆಗೆ ಮೊದಲೇ ಐಬನೆಜ್ ತಲೆಭಾಗದ ಆಕಾರವನ್ನು ಬದಲಿಸಿತ್ತು. ಅನಂತರ ಅದು ಸ್ವಂತ ಮಾದರಿಗಳಿಂದಲೇ ಲೋಕಪ್ರಸಿದ್ಧವಾಯಿತು. ಅನುಕರಣೆಯಿಂದ ಕೈ ಪಳಗಿದ ಮೇಲೆ ಅದರಲ್ಲೇ ನಿಲ್ಲದೆ ಮುನ್ನಡೆದುದು ಅದರ ಹಿರಿಮೆ.

ಎರಡನೆಯ ವ್ಯಾಜ್ಯವು ಇದಕ್ಕಿಂತ ಸೂಕ್ಷ್ಮವಾದುದು. ಮೇರಿಲ್ಯಾಂಡಿನ ಪಾಲ್ ರೀಡ್ ಸ್ಮಿತ್ ಸಂಸ್ಥೆಯು 2000ದಲ್ಲಿ ಹೊರತಂದ ಗಿಟಾರೊಂದು 'ಲೆಸ್ ಪಾಲ್' ಮಾದರಿಯನ್ನು ಹೋಲುತ್ತದೆಂದು ಗಿಬ್ಸನ್ ದೂರಿತು. ಅದು ಅಗ್ಗದ ನಕಲಾಗಿರಲಿಲ್ಲ. ಬೆಲೆಯಲ್ಲೂ ಕೆಲಸಗಾರಿಕೆಯಲ್ಲೂ ಮೇಲ್ದರ್ಜೆಯದಾಗಿತ್ತು. ಕೆಳಗಿನ ನ್ಯಾಯಾಲಯವು ಗಿಬ್ಸನ್ ಪರವಾಗಿ ತೀರ್ಪಿತ್ತು, ತಯಾರಿಕೆಗೆ ತಡೆಯಾಜ್ಞೆ ವಿಧಿಸಿತು. ಆದರೆ 2005ರಲ್ಲಿ ಮೇಲ್ಮನವಿ ನ್ಯಾಯಾಲಯವು ಅದನ್ನು ತಳ್ಳಿಹಾಕಿತು. ಅಂಗಡಿಯಲ್ಲಿ ಕೊಳ್ಳುವವನಿಗೆ ಗೊಂದಲವಾಗದೆಂದು ಗಿಬ್ಸನ್ ತಾನೇ ಒಪ್ಪಿಕೊಂಡಿತ್ತು. ಹೊಗೆ ತುಂಬಿದ ಪಾನಗೃಹದಲ್ಲಿ ದೂರದಿಂದ ನೋಡುವವನು ಒಂದನ್ನು ಇನ್ನೊಂದೆಂದು ಭ್ರಮಿಸಬಹುದೆಂಬ ವಾದ ಮಾತ್ರ ಅದರದಾಗಿತ್ತು. ಅಷ್ಟು ದೂರದಿಂದ ನೋಡಿದರೆ ಬಹುತೇಕ ಗಿಟಾರುಗಳು ಒಂದೇ ಬಗೆಯಾಗಿ ಕಾಣುವುದರಿಂದ ನ್ಯಾಯಾಲಯವು ಇದನ್ನು ಮನ್ನಿಸಲಿಲ್ಲ.

ಫೆಂಡರ್ ಸಂಸ್ಥೆಯದು ಬೇರೆ ಕಥೆ. ತನ್ನ ಮೂರು ಪ್ರಸಿದ್ಧ ಒಡಲುಗಳ ಆಕಾರವನ್ನು ವ್ಯಾಪಾರ ಚಿಹ್ನೆಯಾಗಿ ನೋಂದಾಯಿಸಲು ಅದು 2003ರಲ್ಲಿ ಅರ್ಜಿ ಸಲ್ಲಿಸಿತು. ಹಲವು ತಯಾರಕರು ಆಕ್ಷೇಪಿಸಿದರು. 2009ರಲ್ಲಿ ಅಮೆರಿಕದ ವ್ಯಾಪಾರ ಚಿಹ್ನೆ ಮಂಡಳಿಯು ಅರ್ಜಿಯನ್ನು ನಿರಾಕರಿಸಿತು. ಅರ್ಧ ಶತಮಾನ ಕಾಲ ಎಲ್ಲರೂ ಆ ಆಕಾರವನ್ನು ಬಳಸಿದ್ದರಿಂದ ಅದು ಒಬ್ಬರ ಗುರುತಾಗಿ ಉಳಿದಿರಲಿಲ್ಲ. ಬೇಲಿ ಹಾಕದೆ ಬಿಟ್ಟ ಹೊಲದಲ್ಲಿ ಊರವರೆಲ್ಲ ನಡೆದು ದಾರಿಯಾದ ಮೇಲೆ ಅದು ನನ್ನದೆಂದು ಕೂಗಿದರೇನು ಫಲ?

ಗಿಬ್ಸನ್ ಮಾತ್ರ ತನ್ನ ಪಟ್ಟನ್ನು ಬಿಡಲಿಲ್ಲ. 1977ರಿಂದಲೂ ಇಂಥ ಆಕಾರಗಳನ್ನು ಮಾರುತ್ತಿದ್ದ 'ಡೀನ್' ಗಿಟಾರಿನ ಒಡೆಯರ ಮೇಲೆ 2019ರಲ್ಲಿ ದಾವೆ ಹೂಡಿ, 2022ರಲ್ಲಿ ಗೆದ್ದಿತು. ಅನ್ಯ ತಯಾರಕರು ಹಿಂದಿನಿಂದಲೂ ಆ ಆಕಾರಗಳನ್ನು ಬಳಸುತ್ತಿದ್ದರೆಂಬ ಸಾಕ್ಷ್ಯವನ್ನು ಹೊರಗಿಟ್ಟದ್ದು ತಪ್ಪೆಂದು 2024ರಲ್ಲಿ ಮೇಲಿನ ನ್ಯಾಯಾಲಯವು ಮರುವಿಚಾರಣೆಗೆ ಆದೇಶಿಸಿತು. 2025ರ ತೀರ್ಪು ಬಹುಮಟ್ಟಿಗೆ ಗಿಬ್ಸನ್ ಪರವಾಗಿಯೇ ಬಂದರೂ, ಒಂದು ಆಕಾರವು ಎಲ್ಲರಿಗೂ ಸೇರಿದುದೆಂದು ನಿರ್ಣಯವಾಯಿತು.

ಇವುಗಳಿಂದ ತಿಳಿಯುವುದೇನು? ವ್ಯಾಪಾರ ಚಿಹ್ನೆಯ ಕಾನೂನು ತಯಾರಕನ ಪ್ರತಿಷ್ಠೆಗಾಗಿ ಮಾತ್ರ ಹುಟ್ಟಿದ್ದಲ್ಲ. ಕೊಳ್ಳುವವನು ಮೋಸಹೋಗಬಾರದೆಂಬುದು ಅದರ ಮೂಲೋದ್ದೇಶ. ಆದುದರಿಂದಲೇ ಅದು ಹೆಸರನ್ನು ಬಿಗಿಯಾಗಿ ಕಾಯುತ್ತದೆ, ಆಕಾರವನ್ನು ಕಾಯುವಾಗ ಹಿಂದುಮುಂದು ನೋಡುತ್ತದೆ. ಆಕಾರಗಳಿಗೆಲ್ಲ ಬೇಲಿ ಕಟ್ಟಿದರೆ ಹೊಸದಾಗಿ ಉಳಿ ಹಿಡಿಯುವ ಬಡಗಿಗೆ ಎಡೆಯೆಲ್ಲಿ?

ನಮ್ಮ ಜತ್ತ ಸೇರಿರುವ ಸಾಂಗ್ಲಿ ಜಿಲ್ಲೆಯ ಮಿರಜನ್ನೇ ನೋಡಿರಿ. ಹಿಂದೆ ಆಯುಧಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನದವರು ಸೊಲ್ಲಾಪುರ ಜಿಲ್ಲೆಯ ಮಂಗಳವೇಡೆಯ ಕಡೆಯಿಂದ ಬುರುಡೆ ತಂದು ತಂಬೂರಿ, ಸಿತಾರುಗಳನ್ನು ಕಟ್ಟಿ ಕೀರ್ತಿ ಪಡೆದರು. ತಂಬೂರಿಯ ಆಕಾರ ನಮ್ಮದೆಂದು ಅವರು ಯಾರ ಮೇಲೂ ದಾವೆ ಹೂಡುವಂತಿಲ್ಲ. ಅದು ನಾಡಿನ ಸೊತ್ತು. ಆದರೆ 2024ರಲ್ಲಿ ಮಿರಜದ ಸಿತಾರ್ ಮತ್ತು ತಂಬೂರಿಗಳಿಗೆ ಭೌಗೋಳಿಕ ಸೂಚಕ ದೊರೆತುದರಿಂದ, ಬೇರೆಡೆ ಕಟ್ಟಿದ ವಾದ್ಯವನ್ನು ಮಿರಜದ್ದೆಂದು ಮಾರುವುದು ಕಾನೂನಿಗೆ ವಿರುದ್ಧವಾಗುತ್ತದೆ. ಮನೆಯ ಮಕ್ಕಳಿಗೆ ತಂಬೂರಿ ಕೊಳ್ಳುವಾಗ ಅದನ್ನು ಕಟ್ಟಿದವರಾರು, ಎಲ್ಲಿ ಕಟ್ಟಿದ್ದು ಎಂದು ವಿಚಾರಿಸುವುದು ಒಳಿತು. ಹಾಗೆ ಕೇಳಿ ಕೊಳ್ಳುವವರಿದ್ದರೆ ಮಾತ್ರ ಆ ಕುಶಲಕರ್ಮಿಗಳ ಹೆಸರಿಗೆ ಬೆಲೆ ಉಳಿದೀತು.