ಮಂಡಿ ಕೊಯ್ದರೆ ಸರ್ಕಾರದ ದುಡ್ಡು, ಗುಳಿಗೆ ನುಂಗಿದರೆ ಜೇಬಿನ ದುಡ್ಡು!

ದಾವಣಗೆರೆಯ ಮಂಡಿಪೇಟೆಯಲ್ಲಿ ಮಂಡಿ ನೋವಿಲ್ಲದ ವ್ಯಾಪಾರಿಯನ್ನು ಹುಡುಕುವುದು ಕಷ್ಟ. ಬೆಳಗ್ಗೆ ಬಾಗಿಲು ತೆಗೆದವರು ರಾತ್ರಿ ಬೀಗ ಹಾಕುವ ತನಕ ನಿಂತೇ ಇರಬೇಕು. ಮೂಟೆ ಹೊರುವ ಹಮಾಲರಿಗೆ ಸೊಂಟ, ಮಂಡಕ್ಕಿ ಭಟ್ಟಿಯವರಿಗೆ ಭುಜ, ಹರಿಹರದ ಬಸ್ಸಿನಲ್ಲಿ ದಿನಾ ಜೋತು ಬೀಳುವವರಿಗೆ ಕುತ್ತಿಗೆ. ಸಂಜೆಯಾಯಿತೆಂದರೆ ಮೆಡಿಕಲ್ ಶಾಪಿನ ಮುಂದೆ ಒಂದೇ ಮಾತು: “ಅಣ್ಣಾ, ನೋವಿಂದು ಎರಡು ಗುಳಿಗೆ ಕೊಡ್ರಿ. ಮೊನ್ನೆ ಕೊಟ್ಟಿದ್ರಲ್ಲ, ಅದೇ.”

ಹೀಗೆ ಕೇಳುವವರಲ್ಲಿ ಎಷ್ಟೋ ಜನರ ಮನೆಯಲ್ಲಿ ಆಯುಷ್ಮಾನ್ ಕಾರ್ಡ್ ಇದೆ. ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ಚಿಕಿತ್ಸೆ ಎಂದು 2018ರಲ್ಲಿ ಬಂದ ಯೋಜನೆ ಅದು. ಒಳ್ಳೆಯ ಯೋಜನೆಯೇ, ಸುಳ್ಳು ಹೇಳಬಾರದು. ಆದರೆ ಕಾರ್ಡಿಗೆ ಆಸ್ಪತ್ರೆಯ ಹಾಸಿಗೆ ಕಂಡರೆ ಮಾತ್ರ ಜೀವ ಬರುತ್ತದೆ. ಅಡ್ಮಿಟ್ ಆಗುವುದಕ್ಕೆ 3 ದಿನ ಮುಂಚೆ, ಮನೆಗೆ ಬಂದಮೇಲೆ 15 ದಿನ, ಅಷ್ಟಕ್ಕೆ ಔಷಧಿಯ ಖರ್ಚೂ ಸೇರುತ್ತದೆ. ವರ್ಷದ ಮುನ್ನೂರ ಅರವತ್ತೈದು ದಿನವೂ ನೋಯುವ ಮಂಡಿಗೆ ಅದರಲ್ಲಿ ಒಂದು ಗುಳಿಗೆಯೂ ಇಲ್ಲ.

ಸ್ವಂತ ಪಾಲಿಸಿ ಮಾಡಿಸಿದ ಅಂಗಡಿಯವರ ಪಾಡೂ ಅಷ್ಟೇ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿನ ಶೇ. 18 ಜಿ.ಎಸ್.ಟಿ. ಹೋಯಿತು, ಸಂತೋಷ. ಆದರೆ ಸಾಮಾನ್ಯ ಪಾಲಿಸಿಯಲ್ಲಿ ಅಡ್ಮಿಟ್ ಆಗದೆ ನುಂಗಿದ ಗುಳಿಗೆಯ ಬಿಲ್ಲಿಗೆ ಆಗಲೂ ಕಾಸಿರಲಿಲ್ಲ, ಈಗಲೂ ಇಲ್ಲ.

ಇದರ ಫಲವೇನು? ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ಐಬುಪ್ರೊಫೇನ್ ಇವು ಅಫೀಮಿನ ಜಾತಿಯವಲ್ಲ, ಚಟ ಹತ್ತಿಸುವುದಿಲ್ಲ. ಹಾಗೆಂದು ಕಡಲೆಪುರಿಯೂ ಅಲ್ಲ. ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣು, ರಕ್ತಸ್ರಾವ. ಬಿ.ಪಿ. ಏರುತ್ತದೆ, ಕಿಡ್ನಿಗೂ ಪೆಟ್ಟು. ಸಕ್ಕರೆ ಕಾಯಿಲೆ ಇದ್ದವರಿಗೆ ಅಪಾಯ ಇನ್ನೂ ಜಾಸ್ತಿ. ಡಾಕ್ಟರ ಹತ್ತಿರ ಹೋದರೆ ಫೀಸು, ಫಿಸಿಯೋಥೆರಪಿಗೆ ಬೇರೆ ಫೀಸು. ಮಂಡಿ ಸವೆತಕ್ಕೆ ಮೊದಲು ಬೇಕಾದದ್ದು ವ್ಯಾಯಾಮ, ಹಚ್ಚುವ ಮುಲಾಮು. ಎರಡಕ್ಕೂ ಕಾರ್ಡು ನಡೆಯದು. ಎರಡು ಗುಳಿಗೆಯೇ ಅಗ್ಗ!

ವಿಚಿತ್ರ ಇನ್ನು ಮುಂದಿದೆ. ಮಂಡಿ ಪೂರ್ತಿ ಸವೆದು ಕೀಲು ಬದಲಿಸುವ ಹಂತಕ್ಕೆ ಬಂದರೆ ಆಪರೇಷನ್ನಿಗೆ ಅದೇ ಕಾರ್ಡಿನಲ್ಲಿ ಪ್ಯಾಕೇಜ್ ಇದೆ. ಗುಳಿಗೆ ನುಂಗಿ ನುಂಗಿ ಕಿಡ್ನಿ ಕೆಟ್ಟರೆ ಡಯಾಲಿಸಿಸ್ಸಿಗೂ ಇದೆ. ಕೆಡದ ಹಾಗೆ ನೋಡಿಕೊಳ್ಳುವುದಕ್ಕೆ ಮಾತ್ರ ಇಲ್ಲ. ಇದು ಯಾವ ಲೆಕ್ಕ ಸ್ವಾಮೀ?

ದುಡ್ಡು ಯಾವ ದಾರಿಯಲ್ಲಿ ಬರುತ್ತದೋ ಚಿಕಿತ್ಸೆಯೂ ಅದೇ ದಾರಿಯಲ್ಲಿ ಹೋಗುತ್ತದೆ. ಅಮೆರಿಕದಲ್ಲಿ ಇದೇ ಆಯಿತು. ಅಲ್ಲಿ ಹಿರಿಯರ ಸರ್ಕಾರಿ ವಿಮೆಯಾದ ಮೆಡಿಕೇರ್ ಆಪರೇಷನ್ನಿಗೆ ಒಟ್ಟು ಇಷ್ಟು ಎಂದು ಕೊಡುತ್ತಿತ್ತು. ಆ ಮೊತ್ತದೊಳಗೆ ಅಫೀಮಿನ ಜಾತಿಯ ಅಗ್ಗದ ಗುಳಿಗೆಯೇ ಆಸ್ಪತ್ರೆಗಳಿಗೆ ಲಾಭ. ಆ ಜಾತಿಯ ಮದ್ದುಗಳಿಂದ ಅಲ್ಲಿ 2021 ಒಂದೇ ವರ್ಷ 80 ಸಾವಿರಕ್ಕೂ ಹೆಚ್ಚು ಜನ ಸತ್ತರು. ವಿಮೆಯೊಂದೇ ಕಾರಣವಲ್ಲ, ಕಳ್ಳ ಮಾಲೂ ಸೇರಿತ್ತು. ಆದರೂ ಬುದ್ಧಿ ಬಂತು. 2022ರಲ್ಲಿ ಕಾನೂನು ಮಾಡಿ, ಚಟ ಹತ್ತಿಸದ ಕೆಲವು ನೋವಿನ ಔಷಧಿಗಳಿಗೆ 2025ರ ಜನವರಿ 1ರಿಂದ ಮೂರು ವರ್ಷ ಬೇರೆಯಾಗಿಯೇ ದುಡ್ಡು ಕೊಡುವುದೆಂದು ತೀರ್ಮಾನಿಸಿದರು.

ಗುಳಿಗೆಗೂ ದುಡ್ಡು ಕೊಟ್ಟರೆ ಬೊಕ್ಕಸ ಬರಿದಾದೀತು, ಸುಳ್ಳು ಬಿಲ್ಲುಗಳ ಹಾವಳಿ ಎದ್ದೀತು ಎನ್ನುವವರಿದ್ದಾರೆ. ಭಯ ಸುಳ್ಳಲ್ಲ. ಆದರೆ 1948ರ ಕಾಯ್ದೆಯಿಂದ ಬಂದ ಇ.ಎಸ್.ಐ. ಮಾಡುತ್ತಿರುವುದೇನು? ಕಾರ್ಮಿಕನ ಸಂಬಳದಲ್ಲಿ ಶೇ. 0.75, ಮಾಲೀಕನಿಂದ ಶೇ. 3.25 ಎಂದು 2019ರಲ್ಲಿ ನಿಗದಿಯಾದ ವಂತಿಗೆಯಲ್ಲೇ, ಅಡ್ಮಿಟ್ ಆಗದವನಿಗೂ ಡಾಕ್ಟರು, ಔಷಧಿ ಎರಡೂ ಉಂಟು. ಆದರೆ ಆ ಭಾಗ್ಯ ಮುಖ್ಯವಾಗಿ ಹತ್ತು ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಕಡೆಗೆ. ಇಬ್ಬರು ಹುಡುಗರನ್ನಿಟ್ಟುಕೊಂಡ ಕಿರಾಣಿ ಅಂಗಡಿಗೆ, ದಿನಗೂಲಿ ಹಮಾಲರಿಗೆ ಅದು ದೂರದ ಮಾತು. ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುತ್ತದಲ್ಲ ಎಂದರೆ, ಅಲ್ಲಿ ಚೀಟಿ ಮಾಡಿಸಿ ಸಾಲು ನಿಲ್ಲುವ ಹೊತ್ತಿಗೇ ಇಲ್ಲಿ ಗಿರಾಕಿ ಬರುವುದು. ಒಂದು ದಿನದ ಕೂಲಿ ಬಿಟ್ಟು ಎರಡು ಗುಳಿಗೆ ತರುವವರು ಯಾರು?

ಜನ ಆಕಾಶ ಕೇಳುತ್ತಿಲ್ಲ. ಇರುವ ಕಾರ್ಡಿನಲ್ಲೇ ವರ್ಷಕ್ಕೆ ಒಂದು ಮಿತಿ ಹಾಕಿ, ಡಾಕ್ಟರ ಚೀಟಿ ಇದ್ದವರಿಗೆ ಜನೌಷಧಿ ಅಂಗಡಿಯಲ್ಲಿ ಮುಲಾಮು, ಗುಳಿಗೆ ಸಿಗಲಿ. ನಾಲ್ಕಾರು ಸಲ ಫಿಸಿಯೋಥೆರಪಿ, ವರ್ಷಕ್ಕೊಮ್ಮೆ ಕಿಡ್ನಿಯ ರಕ್ತಪರೀಕ್ಷೆ ಸೇರಲಿ. ಕೂಲಿ ಮುಗಿಸಿ ಬರುವವರಿಗೆ ಸಂಜೆ ಎರಡು ಗಂಟೆ ಡಾಕ್ಟರು ಕೂರಲಿ. ಒಂದು ಕೀಲು ಬದಲಿಸುವ ಖರ್ಚಿನಲ್ಲಿ ಎಷ್ಟು ಮಂಡಿ ಉಳಿಯುತ್ತವೆಂದು ಮಂಡಿಪೇಟೆಯ ಯಾವ ಗುಮಾಸ್ತನನ್ನು ಕೇಳಿದರೂ ಲೆಕ್ಕ ಹಾಕಿ ಹೇಳಿಯಾನು.

ಮುಂದಿನ ಸಲ ಶಾಸಕರು ವೇದಿಕೆಯ ಮೇಲೆ ಕಾರ್ಡು ಹಂಚಿ ಫೋಟೋ ತೆಗೆಸಿಕೊಳ್ಳುವಾಗ ಜನ ಒಂದು ಮಾತು ಕೇಳಲಿ: “ಸಾಹೇಬ್ರೇ, ಇದು ಮೆಡಿಕಲ್ ಶಾಪ್ನಾಗೆ ಯಾವಾಗ ನಡೀತೈತ್ರಿ?”