ನಿಷ್ಠೆ ಆಟಗಾರನೊಬ್ಬನ ಹೊಣೆಯೇ?

ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಯಲ್ಲಿ ಆಟಗಾರ ತಂಡ ಬದಲಿಸುವುದು ಮುಖ್ಯವಾಗಿ ಎರಡು ಬಗೆಯಲ್ಲಿ. ಒಪ್ಪಂದದ ಅವಧಿ ಮುಗಿದ ಮೇಲೆ ತನಗೆ ಬೇಕಾದ ತಂಡಕ್ಕೆ ಸಹಿ ಹಾಕುವುದು ಫ್ರೀ ಏಜೆನ್ಸಿ. ಒಪ್ಪಂದ ಚಾಲ್ತಿಯಲ್ಲಿರುವಾಗಲೇ ತಂಡವು ಅವನನ್ನು ಇನ್ನೊಂದು ತಂಡಕ್ಕೆ ಕೊಟ್ಟು, ಬದಲಿಗೆ ಬೇರೆ ಆಟಗಾರರನ್ನೋ ಮುಂದಿನ ವರ್ಷಗಳ ಡ್ರಾಫ್ಟ್‌ನಲ್ಲಿ, ಅಂದರೆ ಹೊಸ ಆಟಗಾರರ ಆಯ್ಕೆಯಲ್ಲಿ, ಸರದಿಯನ್ನೋ ಪಡೆಯುವುದು ಟ್ರೇಡ್. ಮೊದಲನೆಯದರಲ್ಲಿ ತೀರ್ಮಾನ ಆಟಗಾರನದು. ಎರಡನೆಯದರಲ್ಲಿ ತಂಡದ್ದು, ಕೆಲವೇ ಮಂದಿಯನ್ನು ಬಿಟ್ಟರೆ ಆಟಗಾರನ ಒಪ್ಪಿಗೆ ಕೇಳಬೇಕಾದ ಅಗತ್ಯವೇ ಇಲ್ಲ. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಅಭಿಮಾನಿಗಳ ನಡುವೆ 2010ರಿಂದೀಚೆಗೆ ನಡೆದಿರುವ ಜಗಳವೆಲ್ಲ ಈ ಎರಡರ ಸುತ್ತಲೇ. ಆಟಗಾರರ ಕೈಗೆ ಅಧಿಕಾರ ಹೋಗಿ ಆಟ ಕೆಟ್ಟಿತು, ಊರಿನ ಮೇಲೆ ಯಾರಿಗೂ ಅಭಿಮಾನ ಉಳಿದಿಲ್ಲ, ನಿಯಮ ಬಿಗಿಯಾಗಲಿ ಎಂದು ಒಂದು ಪಕ್ಷ ಕೂಗುತ್ತಲೇ ಬಂದಿದೆ. ಈ ವಾದವನ್ನು ಇತಿಹಾಸವೂ ಒಪ್ಪುವುದಿಲ್ಲ, ಪ್ರಶಸ್ತಿಗಳ ಪಟ್ಟಿಯೂ ಒಪ್ಪುವುದಿಲ್ಲ. ಬಿಗಿಯಾಗಬೇಕಾದ ನಿಯಮವೇನಾದರೂ ಇದ್ದರೆ ಅದು ಟ್ರೇಡ್ ಮಾಡುವ ತಂಡಗಳನ್ನು ಕಟ್ಟುವ ನಿಯಮ.

1970ಕ್ಕೆ ಮುಂಚೆ ಈ ಜಗಳಕ್ಕೆ ಆಸ್ಪದವೇ ಇರಲಿಲ್ಲ. ಆಟಗಾರನ ಒಪ್ಪಂದ ಮುಗಿದರೂ ಅವನ ಮೇಲಿನ ಹಕ್ಕು ತಂಡದ ಬಳಿಯೇ ಉಳಿಯುತ್ತಿತ್ತು. ತಂಡ ಕೊಟ್ಟಷ್ಟು ತೆಗೆದುಕೊಂಡು ಆಡಬೇಕು, ಇಲ್ಲವೇ ಲೀಗ್ ಬಿಡಬೇಕು. ಆ ವರ್ಷ ಆಟಗಾರರ ಸಂಘದ ಅಧ್ಯಕ್ಷರಾಗಿದ್ದ ಆಸ್ಕರ್ ರಾಬರ್ಟ್‌ಸನ್ ಲೀಗ್ ಮೇಲೆ ಮೊಕದ್ದಮೆ ಹೂಡಿದರು. ಆಗಿನ ಅತಿ ದೊಡ್ಡ ಆಟಗಾರರಲ್ಲಿ ಅವರೂ ಒಬ್ಬರು. ತಮ್ಮ ವೃತ್ತಿಯ ಉತ್ತುಂಗದಲ್ಲೇ ಮಾಲೀಕರನ್ನು ಎದುರುಹಾಕಿಕೊಂಡರು. ಪ್ರಕರಣ 1976ರಲ್ಲಿ ರಾಜಿಯಲ್ಲಿ ಮುಗಿಯಿತು. ಅದರಿಂದಲೂ ಪೂರ್ತಿ ಬಿಡುಗಡೆ ಸಿಗಲಿಲ್ಲ. ಯಾವ ಷರತ್ತೂ ಇಲ್ಲದ ಫ್ರೀ ಏಜೆಂಟ್ ಆಗಿ ಮೊದಲು ತಂಡ ಬದಲಿಸಿದವರು ಟಾಮ್ ಚೇಂಬರ್ಸ್. ಸಿಯಾಟಲ್‌ನಿಂದ ಫೀನಿಕ್ಸ್‌ಗೆ ಅವರು ಹೋದದ್ದು 1988ರಲ್ಲಿ. ಮೊಕದ್ದಮೆ ಹೂಡಿದ ದಿನದಿಂದ ಹದಿನೆಂಟು ವರ್ಷ ಹಿಡಿಯಿತು. ಇಂದು ಅಭಿಮಾನಿಗಳು ಕಿತ್ತುಕೊಳ್ಳಬೇಕೆನ್ನುವ ಹಕ್ಕು ಹೀಗೆ ಹೋರಾಡಿ ಪಡೆದದ್ದು.

ಆ ಹಕ್ಕು ಕೂಡ ಆಟಗಾರನ ಕೈಗೆ ಬರುವುದು ತಡವಾಗಿ. ಹತ್ತೊಂಬತ್ತು ಇಪ್ಪತ್ತರ ಹುಡುಗ ಯಾವ ಊರಿಗೆ ಹೋಗಬೇಕೆಂಬುದನ್ನು ಡ್ರಾಫ್ಟ್ ತೀರ್ಮಾನಿಸುತ್ತದೆ. ಮೊದಲ ಸುತ್ತಿನಲ್ಲಿ ಆಯ್ಕೆಯಾದವನ ಸಂಬಳ ಕೋಷ್ಟಕದಲ್ಲಿ ಮೊದಲೇ ನಿಗದಿಯಾಗಿರುತ್ತದೆ, ನಾಲ್ಕು ವರ್ಷದ ಮಟ್ಟಿಗೆ. ಅದು ಮುಗಿದ ಮೇಲೆ ಬೇರೆ ತಂಡ ಎಷ್ಟೇ ಹಣ ಮುಂದಿಟ್ಟರೂ ಅಷ್ಟನ್ನೇ ತಾನು ಕೊಡುತ್ತೇನೆಂದು ಹಳೆಯ ತಂಡ ಅವನನ್ನು ಉಳಿಸಿಕೊಳ್ಳಬಹುದು. ಐಪಿಎಲ್ ಹರಾಜಿನ ಆರ್‌ಟಿಎಂ ಕಾರ್ಡ್ ನೋಡಿದವರಿಗೆ ಇದರ ಸ್ವರೂಪ ಗೊತ್ತು. 2022ರಲ್ಲಿ ಇಂಡಿಯಾನಾ ತಂಡ ಫೀನಿಕ್ಸ್‌ನ ಡಿಯಾಂಡ್ರೆ ಐಟನ್‌ಗೆ ಸುಮಾರು 13.3 ಕೋಟಿ ಡಾಲರ್‌ನ ಒಪ್ಪಂದ ಮುಂದಿಟ್ಟಿತು, ಅವರು ಸಹಿಯನ್ನೂ ಹಾಕಿದರು. ಫೀನಿಕ್ಸ್ ಅಷ್ಟೇ ಮೊತ್ತ ಕೊಟ್ಟು ಉಳಿಸಿಕೊಂಡಿತು. ಹೀಗಾಗುತ್ತದೆಂದು ಗೊತ್ತಿರುವ ತಂಡಗಳು ಕೇಳುವ ಗೋಜಿಗೇ ಹೋಗುವುದಿಲ್ಲ. ಗೋಲ್ಡನ್ ಸ್ಟೇಟ್‌ನ ಜೊನಾಥನ್ ಕುಮಿಂಗಾ 2025ರಲ್ಲಿ ಸೆಪ್ಟೆಂಬರ್ ಕೊನೆಯವರೆಗೂ ಒಪ್ಪಂದವಿಲ್ಲದೆ ಕಾದದ್ದು ಇದೇ ನಿಯಮದಿಂದ. ಕೆವಿನ್ ಡ್ಯೂರಂಟ್ ಅವರಂಥ ಆಟಗಾರ ಕೂಡ ತನಗೆ ಬೇಕಾದ ತಂಡವನ್ನು ಮೊದಲ ಸಲ ಆರಿಸಿಕೊಂಡದ್ದು ಒಂಬತ್ತು ಸೀಸನ್ ಆಡಿದ ಮೇಲೆ.

ಡ್ಯೂರಂಟ್ ಪ್ರಕರಣವನ್ನು ಸ್ವಲ್ಪ ನಿಂತು ನೋಡಬೇಕು, ಏಕೆಂದರೆ ನಿಷ್ಠೆಯ ವಾದ ಅಲ್ಲಿ ಎಷ್ಟು ಜೋರಾಗಿತ್ತೋ ಅಷ್ಟೇ ಪೊಳ್ಳಾಗಿತ್ತು. 2016ರ ಜುಲೈ 4ರಂದು ಅವರು ಒಕ್ಲಹೋಮಾ ಸಿಟಿ ಬಿಟ್ಟು ಗೋಲ್ಡನ್ ಸ್ಟೇಟ್ ಸೇರುವುದಾಗಿ ಪ್ರಕಟಿಸಿದರು. ಅದೇ ಸೀಸನ್‌ನಲ್ಲಿ 73 ಪಂದ್ಯ ಗೆದ್ದಿದ್ದ ತಂಡ ಅದು. ಒಕ್ಲಹೋಮಾವನ್ನು ಸೆಮಿಫೈನಲ್ ಹಂತದಲ್ಲಿ ಸೋಲಿಸಿದ್ದೂ ಅದೇ. ಅಭಿಮಾನಿಗಳು ಜೆರ್ಸಿ ಸುಟ್ಟರು. ಮುಂದಿನ ಫೆಬ್ರುವರಿಯಲ್ಲಿ ಡ್ಯೂರಂಟ್ ಎದುರಾಳಿಯಾಗಿ ಆ ಊರಿಗೆ ಬಂದಾಗ ಗ್ಯಾಲರಿಯ ತುಂಬ ಕಪ್‌ಕೇಕ್ ಚಿತ್ರದ ಟೀ ಶರ್ಟ್‌ಗಳು. ಮೆತ್ತಗಿನವನು, ಹೇಡಿ ಎಂಬ ಮೂದಲಿಕೆ ಅದು. ಆದರೆ ಒಕ್ಲಹೋಮಾಕ್ಕೆ ಆ ತಂಡ ಬಂದದ್ದಾದರೂ ಎಲ್ಲಿಂದ? 1967ರಿಂದ ಸಿಯಾಟಲ್‌ನಲ್ಲಿದ್ದು, 1979ರಲ್ಲಿ ಪ್ರಶಸ್ತಿ ಗೆದ್ದ ಸೂಪರ್‌ಸಾನಿಕ್ಸ್ ಅದು. ಕ್ಲೇ ಬೆನೆಟ್ ಮುಂದಾಳುತನದ ಒಕ್ಲಹೋಮಾದ ಉದ್ಯಮಿಗಳ ಗುಂಪು 2006ರಲ್ಲಿ ಅದನ್ನು ಕೊಂಡಿತು. 2008ರಲ್ಲಿ ಕ್ರೀಡಾಂಗಣದ ಗುತ್ತಿಗೆ ಮುರಿಯಲು ಸಿಯಾಟಲ್ ನಗರಕ್ಕೆ 4.5 ಕೋಟಿ ಡಾಲರ್ ಕೊಟ್ಟು ತಂಡವನ್ನೇ ಎತ್ತಿಕೊಂಡು ಹೋಯಿತು. ಡ್ಯೂರಂಟ್ ತಮ್ಮ ಮೊದಲ ಸೀಸನ್ ಆಡಿದ್ದು ಸಿಯಾಟಲ್‌ನಲ್ಲೇ. ನಲವತ್ತೊಂದು ವರ್ಷ ಬೆಂಬಲಿಸಿದ ಊರನ್ನು ಮಾಲೀಕರು ತೊರೆದರೆ ಅದು ವ್ಯವಹಾರ, ಎಂಟು ವರ್ಷ ಆಡಿದ ಊರನ್ನು ಆಟಗಾರ ತೊರೆದರೆ ಅದು ದ್ರೋಹ ಎನ್ನುವ ಲೆಕ್ಕಕ್ಕೆ ನ್ಯಾಯದ ಹೆಸರು ಸಲ್ಲದು.

ಡ್ಯೂರಂಟ್ ಸೇರ್ಪಡೆಯಿಂದ ಲೀಗ್ ಒಂದೆರಡು ವರ್ಷ ಏಕಪಕ್ಷೀಯವಾದದ್ದು ನಿಜ. ಅದಕ್ಕೆ ಕಾರಣ ಫ್ರೀ ಏಜೆನ್ಸಿಯ ತತ್ವದಲ್ಲಿರಲಿಲ್ಲ. ಒಂಬತ್ತು ವರ್ಷಕ್ಕೆ 2,400 ಕೋಟಿ ಡಾಲರ್‌ನ ಟಿವಿ ಒಪ್ಪಂದ ಜಾರಿಗೆ ಬಂದು ಪ್ರತಿ ತಂಡದ ಸಂಬಳದ ಮಿತಿ ಒಂದೇ ಏಟಿಗೆ 7 ಕೋಟಿಯಿಂದ 9.4 ಕೋಟಿ ಡಾಲರ್‌ಗೆ ಜಿಗಿಯಿತು. ಹಂತಹಂತವಾಗಿ ಏರಿಸೋಣ ಎಂಬ ಲೀಗ್‌ನ ಸಲಹೆಯನ್ನು ಆಟಗಾರರ ಸಂಘ ತಳ್ಳಿಹಾಕಿತ್ತು. ಆ ತಪ್ಪು ಸಂಘದ್ದೇ. ಈಗ ಮಿತಿ ವರ್ಷಕ್ಕೆ ಶೇ 10ಕ್ಕಿಂತ ಹೆಚ್ಚು ಏರದಂತೆ ಲೀಗ್ ಮತ್ತು ಸಂಘದ ನಡುವಿನ 2023ರ ಒಪ್ಪಂದದಲ್ಲಿ ತಡೆ ಹಾಕಲಾಗಿದೆ.

ಅದಕ್ಕೂ ಮುಂಚೆ, 2010ರಲ್ಲಿ, ಲೆಬ್ರಾನ್ ಜೇಮ್ಸ್ ಕ್ಲೀವ್‌ಲ್ಯಾಂಡ್ ಬಿಟ್ಟು ಮಯಾಮಿಗೆ ಹೋದ ರೀತಿ ಟೀಕೆಗೆ ಅರ್ಹವೇ. ಟಿವಿಯಲ್ಲಿ ಒಂದು ಗಂಟೆಗೂ ಮಿಕ್ಕಿದ ಕಾರ್ಯಕ್ರಮ ಮಾಡಿ ಊರಿಗೆ ಸುದ್ದಿ ತಿಳಿಸಬೇಕಾಗಿರಲಿಲ್ಲ. ಆದರೆ ಅಂದೇ ರಾತ್ರಿ ತಂಡದ ಮಾಲೀಕ ಡ್ಯಾನ್ ಗಿಲ್ಬರ್ಟ್ ಬಹಿರಂಗ ಪತ್ರ ಬರೆದು ಅದನ್ನು ಹೇಡಿತನದ ದ್ರೋಹವೆಂದು ಕರೆದರು. ಜೇಮ್ಸ್ ಮುರಿದ ಒಪ್ಪಂದ ಯಾವುದೂ ಇರಲಿಲ್ಲ. ಅವಧಿ ಮುಗಿದಿತ್ತು, ಏಳು ಸೀಸನ್ ಆಡಿಕೊಟ್ಟಿದ್ದರು. ಲೀಗ್ ಗಿಲ್ಬರ್ಟ್‌ಗೆ 1 ಲಕ್ಷ ಡಾಲರ್ ದಂಡ ಹಾಕಿತು.

ಇನ್ನು ಟ್ರೇಡ್. ಐಸೇಯಾ ಥಾಮಸ್ ಅವರದನ್ನು ಮರೆಯಲಾಗದು. ಐದು ಅಡಿ ಒಂಬತ್ತು ಇಂಚಿನ ಈ ಆಟಗಾರ ನಾಲ್ಕು ವರ್ಷಕ್ಕೆ 2.7 ಕೋಟಿ ಡಾಲರ್‌ನ ಸಾಧಾರಣ ಒಪ್ಪಂದದಲ್ಲಿ ಬಾಸ್ಟನ್‌ಗೆ ಆಡುತ್ತ, 2016-17ರಲ್ಲಿ ಪಂದ್ಯಕ್ಕೆ ಸರಾಸರಿ 28.9 ಅಂಕ ಗಳಿಸಿದರು. ಬಾಸ್ಟನ್‌ನ ಮೊದಲ ಪ್ಲೇಆಫ್ ಪಂದ್ಯದ ಹಿಂದಿನ ದಿನ, 2017ರ ಏಪ್ರಿಲ್ 15ರಂದು, ಅವರ ತಂಗಿ ಕಾರು ಅಪಘಾತದಲ್ಲಿ ತೀರಿಕೊಂಡರು. ಮರುದಿನ ಥಾಮಸ್ ಅಂಗಳಕ್ಕಿಳಿದರು. ಪಂದ್ಯಕ್ಕೆ ಮುಂಚೆ ಬೆಂಚಿನ ಮೇಲೆ ಕೂತು ಅಳುತ್ತಿದ್ದವರು 33 ಅಂಕ ಗಳಿಸಿದರು. ಮೇ 2, ಆ ತಂಗಿಯ ಹುಟ್ಟುಹಬ್ಬ. ಅಂದು 53 ಅಂಕ. ಸೊಂಟದ ಕೀಲಿನ ಗಾಯ ಉಲ್ಬಣಿಸುವವರೆಗೂ ಆಡಿದರು. ಆಗಸ್ಟ್‌ನಲ್ಲಿ ಬಾಸ್ಟನ್ ಅವರನ್ನು ಕೈರಿ ಇರ್ವಿಂಗ್‌ಗಾಗಿ ಕ್ಲೀವ್‌ಲ್ಯಾಂಡ್‌ಗೆ ಕೊಟ್ಟುಬಿಟ್ಟಿತು. ಆ ಮಟ್ಟದ ಆಟಕ್ಕೆ ಅವರು ಮತ್ತೆ ಮರಳಲೇ ಇಲ್ಲ, ಆ ಆಟಕ್ಕೆ ತಕ್ಕ ದೊಡ್ಡ ಒಪ್ಪಂದವೂ ಸಿಗಲಿಲ್ಲ. ನಿಷ್ಠೆ ಎಂದರೆ ಏನೆಂದು ಕೇಳುವವರು ಆ ವಸಂತದ ಥಾಮಸ್ ಅವರನ್ನು ನೆನೆಯಲಿ. ಅದಕ್ಕೆ ತಂಡ ಕೊಟ್ಟ ಪ್ರತಿಫಲವನ್ನೂ ನೆನೆಯಲಿ.

ಬ್ಲೇಕ್ ಗ್ರಿಫಿನ್ ಅವರನ್ನು ಲಾಸ್ ಏಂಜಲೀಸ್ ಕ್ಲಿಪರ್ಸ್ 2017ರ ಬೇಸಿಗೆಯಲ್ಲಿ ಉಳಿಸಿಕೊಂಡ ಬಗೆ ಇನ್ನೊಂದು ಪಾಠ. ಖಾಲಿ ಕ್ರೀಡಾಂಗಣಕ್ಕೆ ಕರೆದೊಯ್ದು, ಜೀವನಪರ್ಯಂತ ಕ್ಲಿಪರ್ ಆಗಿರುವವನೆಂದು ಬಣ್ಣಿಸಿ, ಅವರ ಜೆರ್ಸಿಯನ್ನು ಗೌರವಪೂರ್ವಕವಾಗಿ ಚಾವಣಿಗೇರಿಸುವ ಸಮಾರಂಭದ ಅಣಕು ಪ್ರದರ್ಶನವನ್ನೇ ಮಾಡಿದರು. ಗ್ರಿಫಿನ್ ಐದು ವರ್ಷಕ್ಕೆ ಸಹಿ ಹಾಕಿದರು. ಮುಂದಿನ ಜನವರಿಯಲ್ಲಿ ಅವರು ಡೆಟ್ರಾಯಿಟ್ ತಂಡದಲ್ಲಿದ್ದರು.

ಇವೆಲ್ಲಕ್ಕಿಂತ ದೊಡ್ಡ ಆಘಾತ ಲೂಕಾ ಡಾಂಚಿಚ್ ಅವರದು. ಡಲ್ಲಾಸ್ ತಂಡವನ್ನು 2024ರ ಫೈನಲ್‌ಗೆ ಕೊಂಡೊಯ್ದಿದ್ದ, ಇನ್ನೂ 25ರ ವಯಸ್ಸಿನ ಆಟಗಾರ. 2025ರ ಫೆಬ್ರುವರಿ 1ರ ರಾತ್ರಿ ಅವರನ್ನು ಲಾಸ್ ಏಂಜಲೀಸ್ ಲೇಕರ್ಸ್‌ಗೆ ಕೊಟ್ಟು ಆಂಟನಿ ಡೇವಿಸ್ ಅವರನ್ನು ತೆಗೆದುಕೊಳ್ಳಲಾಯಿತು. ಡಲ್ಲಾಸ್‌ನ ಜನರಲ್ ಮ್ಯಾನೇಜರ್ ನಿಕೊ ಹ್ಯಾರಿಸನ್ ಮಾತುಕತೆಯನ್ನು ಎಷ್ಟು ಗುಟ್ಟಾಗಿ ನಡೆಸಿದರೆಂದರೆ, ಸಂಬಂಧಪಟ್ಟ ಆಟಗಾರರಿಗೇ ಸುಳಿವಿರಲಿಲ್ಲ. ಡಾಂಚಿಚ್ ಟ್ರೇಡ್ ಕೇಳಿರಲಿಲ್ಲ. ಹಣದ ನಷ್ಟ ಬೇರೆ: ತಮ್ಮ ಮೊದಲ ಒಪ್ಪಂದದ ಕಾಲದಿಂದ ಒಂದೇ ತಂಡದಲ್ಲಿ ಉಳಿದ ಅತ್ಯುತ್ತಮ ಆಟಗಾರರಿಗೆ ಮಿತಿಯ ಶೇ 35ರಷ್ಟು ಸಂಬಳ ಕೊಡುವ ಸೂಪರ್‌ಮ್ಯಾಕ್ಸ್ ನಿಯಮದಂತೆ ಅವರಿಗೆ ಆ ಬೇಸಿಗೆಯಲ್ಲಿ ಐದು ವರ್ಷಕ್ಕೆ ಸುಮಾರು 34.5 ಕೋಟಿ ಡಾಲರ್ ಸಿಗಬಹುದಿತ್ತು. ಟ್ರೇಡ್ ಆದ ಕ್ಷಣ ಆ ಅರ್ಹತೆ ರದ್ದಾಯಿತು. ತಂಡಕ್ಕೆ ನಿಷ್ಠರಾಗಿರಿ ಎಂದು ಆಟಗಾರರಿಗೆ ಆಸೆ ತೋರಿಸಲು ಮಾಡಿದ ನಿಯಮ, ನಿಷ್ಠನಾಗಿ ಉಳಿಯಲು ಬಯಸಿದವನಿಗೇ ಶಿಕ್ಷೆ ಕೊಟ್ಟಿತು. ಏಪ್ರಿಲ್ 9ರಂದು ಡಾಂಚಿಚ್ ಎದುರಾಳಿಯಾಗಿ ಡಲ್ಲಾಸ್‌ಗೆ ಬಂದರು. ಅವರ ಹಳೆಯ ಆಟದ ದೃಶ್ಯಗಳನ್ನು ಪರದೆಯ ಮೇಲೆ ತೋರಿಸುವಾಗ ಬೆಂಚಿನಲ್ಲಿ ಕೂತು ಟವೆಲ್‌ನಿಂದ ಕಣ್ಣೊರೆಸಿಕೊಂಡರು. ಆಮೇಲೆ 45 ಅಂಕ ಗಳಿಸಿದರು. ಗ್ಯಾಲರಿ ಹ್ಯಾರಿಸನ್ ಅವರನ್ನು ವಜಾ ಮಾಡಿ ಎಂದು ಕೂಗುತ್ತಿತ್ತು. ಆ ವಜಾ ನವೆಂಬರ್‌ನಲ್ಲಿ ಆಯಿತು.

ಎದುರು ಪಕ್ಷದ ಒಂದು ದೂರಿನಲ್ಲಿ ಹುರುಳಿದೆ. ಒಪ್ಪಂದ ಬಾಕಿಯಿರುವಾಗಲೇ ತನ್ನನ್ನು ಇಂಥ ತಂಡಕ್ಕೆ ಕಳಿಸಿ ಎಂದು ಪಟ್ಟು ಹಿಡಿಯುವುದು ಸರಿಯಲ್ಲ. ಜೇಮ್ಸ್ ಹಾರ್ಡನ್ 2021ರಿಂದ 2023ರ ಒಳಗೆ ಹ್ಯೂಸ್ಟನ್, ಬ್ರೂಕ್ಲಿನ್, ಫಿಲಡೆಲ್ಫಿಯಾ ಮೂರನ್ನೂ ಹೀಗೆಯೇ ಬಿಟ್ಟರು. ಟಿಕೆಟ್ ಕೊಂಡು ಕೂತವನ ಎದುರು ಮನಸ್ಸಿಲ್ಲದ ಆಟ ಆಡುವುದು ವೃತ್ತಿಗೆ ಮಾಡುವ ಅಪಚಾರ; ಅದಕ್ಕೆ ಸಮರ್ಥನೆ ಇಲ್ಲ. ಆದರೆ ಅಲ್ಲೂ ನಿಯಮ ಒಂದೇ ಕಡೆಗೆ ವಾಲಿದೆ. ನ್ಯೂ ಆರ್ಲಿಯನ್ಸ್‌ನಲ್ಲಿದ್ದ ಡೇವಿಸ್ 2019ರ ಜನವರಿಯಲ್ಲಿ ಬಹಿರಂಗವಾಗಿ ಟ್ರೇಡ್ ಕೇಳಿದ್ದಕ್ಕೆ ಲೀಗ್ 50 ಸಾವಿರ ಡಾಲರ್ ದಂಡ ಹಾಕಿತು. ತಂಡವೊಂದು ಆಟಗಾರನನ್ನು ವಾರಗಟ್ಟಲೆ ಮಾರುಕಟ್ಟೆಯಲ್ಲಿಟ್ಟರೆ ಅದಕ್ಕೆ ದಂಡವಿಲ್ಲ. ಅದೇ ಡೇವಿಸ್ ಆರು ವರ್ಷದ ನಂತರ ಕೇಳದೆಯೇ ಡಲ್ಲಾಸ್ ಪಾಲಾದರು.

ಆಟಗಾರರ ಓಡಾಟದಿಂದ ಪೈಪೋಟಿ ಸತ್ತಿತು ಎಂಬ ಮಾತಿಗೆ ಉತ್ತರ ಪ್ರಶಸ್ತಿಗಳ ಪಟ್ಟಿಯಲ್ಲೇ ಇದೆ. ಆಟಗಾರರಿಗೆ ಯಾವ ಸ್ವಾತಂತ್ರ್ಯವೂ ಇಲ್ಲದಿದ್ದ 1957ರಿಂದ 1969ರವರೆಗಿನ ಹದಿಮೂರು ವರ್ಷಗಳಲ್ಲಿ ಬಾಸ್ಟನ್ ಹನ್ನೊಂದು ಪ್ರಶಸ್ತಿ ಗೆದ್ದಿತು, ಅದರಲ್ಲಿ ಎಂಟು ಸತತವಾಗಿ. ಓಡಾಟ ಅತಿಯಾಯಿತು ಎನ್ನಲಾಗುವ 2019ರಿಂದ 2025ರವರೆಗೆ ಏಳು ವರ್ಷಗಳಲ್ಲಿ ಏಳು ಬೇರೆ ಬೇರೆ ತಂಡಗಳು ಗೆದ್ದವು: ಟೊರಾಂಟೊ, ಲೇಕರ್ಸ್, ಮಿಲ್ವಾಕೀ, ಗೋಲ್ಡನ್ ಸ್ಟೇಟ್, ಡೆನ್ವರ್, ಬಾಸ್ಟನ್, ಒಕ್ಲಹೋಮಾ ಸಿಟಿ. ಸಣ್ಣ ಊರುಗಳಲ್ಲಿ ಯಾರೂ ನಿಲ್ಲುವುದಿಲ್ಲ ಎಂಬುದಕ್ಕೂ ಈ ಪಟ್ಟಿಯಲ್ಲೇ ಉತ್ತರವಿದೆ. ಮಿಲ್ವಾಕೀ ತನ್ನ ಸುತ್ತ ಗೆಲ್ಲುವ ತಂಡ ಕಟ್ಟುತ್ತದೆಂದು ನಂಬಿದ ಯಾನಿಸ್ ಆಂಟೆಟೊಕೌಂಪೊ 2020ರ ಡಿಸೆಂಬರ್‌ನಲ್ಲಿ ಅಲ್ಲೇ ಸಹಿ ಹಾಕಿ ಮರುವರ್ಷ ಪ್ರಶಸ್ತಿ ತಂದುಕೊಟ್ಟರು.

ಈಗ ತಂಡಗಳನ್ನು ಒಡೆಯುತ್ತಿರುವುದು 2023ರಲ್ಲಿ ಮಾಲೀಕರು ಪಟ್ಟು ಹಿಡಿದು ತಂದ ಸೆಕೆಂಡ್ ಏಪ್ರನ್ ಎಂಬ ಸಂಬಳದ ಗೆರೆ. ಸಂಬಳದ ಒಟ್ಟು ಮೊತ್ತ ಆ ಗೆರೆ ದಾಟಿದರೆ (2025-26ಕ್ಕೆ ಅದು ಸುಮಾರು 20.78 ಕೋಟಿ ಡಾಲರ್) ತಂಡ ಇಬ್ಬರ ಸಂಬಳ ಕೂಡಿಸಿ ಒಬ್ಬನನ್ನು ತರುವಂತಿಲ್ಲ, ಟ್ರೇಡ್‌ನಲ್ಲಿ ನಗದು ಕೊಡುವಂತಿಲ್ಲ, ಏಳು ವರ್ಷ ಮುಂದಿನ ಡ್ರಾಫ್ಟ್ ಸರದಿಯನ್ನೂ ಕೊಡುವಂತಿಲ್ಲ. 2024ರಲ್ಲಿ ಗೆದ್ದ ಬಾಸ್ಟನ್ ಮರುವರ್ಷವೇ ಜ್ರೂ ಹಾಲಿಡೇ ಅವರನ್ನು ಪೋರ್ಟ್‌ಲ್ಯಾಂಡ್‌ಗೂ ಕ್ರಿಸ್ಟಾಪ್ಸ್ ಪೋರ್ಜಿಂಗಿಸ್ ಅವರನ್ನು ಅಟ್ಲಾಂಟಾಕ್ಕೂ ಸಾಗಹಾಕಿದ್ದು ಈ ಗೆರೆಯ ಕೆಳಗಿಳಿಯಲು. ಆ ಇಬ್ಬರಲ್ಲಿ ಯಾರೂ ಬಾಸ್ಟನ್‌ಗೆ ಬೆನ್ನು ತೋರಿಸಿದವರಲ್ಲ. ಊರಿನ ಜನ ಮೆಚ್ಚಿದ ತಂಡ ಚದುರಿತೆಂದು ಕೊರಗುವ ಅಭಿಮಾನಿ ತನ್ನ ಸಿಟ್ಟಿನ ವಿಳಾಸ ಬದಲಿಸಬೇಕು.

ಪರಿಹಾರ ಹುಡುಕಲು ದೂರ ಹೋಗಬೇಕಿಲ್ಲ. ಬೇಸ್‌ಬಾಲ್‌ನಲ್ಲಿ ಕರ್ಟ್ ಫ್ಲಡ್ 1969ರಲ್ಲಿ, ಹನ್ನೆರಡು ಸೀಸನ್ ಆಡಿದ ಸೇಂಟ್ ಲೂಯಿಸ್‌ನಿಂದ ಫಿಲಡೆಲ್ಫಿಯಾಕ್ಕೆ ಹೋಗಲು ನಿರಾಕರಿಸಿ ಸುಪ್ರೀಂ ಕೋರ್ಟ್‌ವರೆಗೆ ಹೋರಾಡಿದರು. 1972ರಲ್ಲಿ ಸೋತರು. ಆದರೂ ಮರುವರ್ಷವೇ ಅಲ್ಲಿನ ಒಪ್ಪಂದಕ್ಕೆ ಒಂದು ನಿಯಮ ಸೇರಿತು: ಲೀಗ್‌ನಲ್ಲಿ ಹತ್ತು ವರ್ಷ, ಅದರಲ್ಲಿ ಕೊನೆಯ ಐದು ವರ್ಷ ಒಂದೇ ತಂಡದಲ್ಲಿ ಇದ್ದವನನ್ನು ಅವನ ಒಪ್ಪಿಗೆಯಿಲ್ಲದೆ ಟ್ರೇಡ್ ಮಾಡುವಂತಿಲ್ಲ. ಎನ್‌ಬಿಎಯಲ್ಲಿ ಎಂಟು ವರ್ಷ ಆಡಿ, ಅದರಲ್ಲಿ ನಾಲ್ಕು ವರ್ಷ ಅದೇ ತಂಡದಲ್ಲಿ ಕಳೆದವರು ಇಂಥ ರಕ್ಷಣೆ ಕೇಳಬಹುದು, ಕೊಡುವುದು ಬಿಡುವುದು ತಂಡದ ಮರ್ಜಿ. ಹಾಗಾಗಿ ಲೆಬ್ರಾನ್ ಜೇಮ್ಸ್ ಅವರಂಥ ಬೆರಳೆಣಿಕೆಯ ಮಂದಿಗೆ ಮಾತ್ರ ದಕ್ಕಿದೆ. ಅದು ತಾನಾಗಿಯೇ ಸಿಗುವ ಹಕ್ಕಾಗಬೇಕು, ಮತ್ತು ಒಂದೇ ತಂಡದಲ್ಲಿ ಸತತ ಐದು ಸೀಸನ್ ಆಡಿದವರಿಗೂ ಅನ್ವಯಿಸಬೇಕು. ಆಗ ಗ್ರಿಫಿನ್‌ಗೂ ಡಾಂಚಿಚ್‌ಗೂ ಬೇಡ ಎನ್ನುವ ಅವಕಾಶ ಇರುತ್ತಿತ್ತು. ಒಪ್ಪಿಗೆಯಿಲ್ಲದೆ ಕಳಿಸಲಾದ ಆಟಗಾರನ ಸೂಪರ್‌ಮ್ಯಾಕ್ಸ್ ಅರ್ಹತೆ ಅವನೊಂದಿಗೇ ಹೋಗಬೇಕು. ನಾಲ್ಕು ವರ್ಷ ಮುಗಿಸಿದ ಯುವ ಆಟಗಾರನನ್ನು ಜುಲೈ ತಿಂಗಳೊಳಗೆ ಉಳಿಸಿಕೊಳ್ಳದ ತಂಡ ಅವನನ್ನು ಷರತ್ತಿಲ್ಲದೆ ಬಿಟ್ಟುಕೊಡಬೇಕು.

ಲೀಗ್ ಮತ್ತು ಆಟಗಾರರ ಸಂಘದ ನಡುವಿನ ಈಗಿನ ಒಪ್ಪಂದ 2029-30ರ ಸೀಸನ್‌ವರೆಗೆ ಇದೆ. ಬೇಕೆಂದರೆ ಎರಡೂ ಕಡೆಯವರು ಒಂದು ವರ್ಷ ಮುಂಚೆಯೇ ಅದರಿಂದ ಹೊರಬರಬಹುದು. ಮುಂದಿನ ಮಾತುಕತೆಯ ಮೇಜಿನ ಮುಂದೆ ಆಟಗಾರರ ಸಂಘ ಸಂಬಳದ ಮಿತಿಗೆ ಮುಂಚೆ ಈ ಬೇಡಿಕೆಗಳನ್ನಿಡಬೇಕು, ಡಲ್ಲಾಸ್‌ನಲ್ಲಿ ಬೀದಿಗಿಳಿದ ಅಭಿಮಾನಿಗಳು ಅದರ ಬೆನ್ನಿಗೆ ನಿಲ್ಲಬೇಕು.